ಡಬ್ಬಿಯ ಮೇಲಿನ ಗುಡ್ಡ

ಕೂಡ್ಲಿಗಿಯಿಂದ ಹಡಗಲಿಯವರೆಗೆ ನಮ್ಮಣ್ಣನಷ್ಟು ಫೋನುಗಳನ್ನು ಪಾತಾಳಕ್ಕೆ ಕಳಿಸಿದವರು ಇನ್ನೊಬ್ಬರಿಲ್ಲ! ಐದನೆಯದನ್ನು ನೋಡಿ ಆರಿಸುವ ಕೆಲಸವನ್ನು ತಂಗಿಯಾದ ನನಗೆ ಒಪ್ಪಿಸಿದ. ನಾನು ಅದನ್ನು ಮಾಡಲಿಲ್ಲ. ಮಾಡಿದೆ ಎಂದೆ.

ಬೋರ್‌ವೆಲ್ ಮೋಟಾರು ಎತ್ತಿ ಇಳಿಸುವುದು ಅವನ ಕಸುಬು. ಬಗ್ಗಿದನೆಂದರೆ ಜೇಬಿನ ಫೋನು ಗಂಗಮ್ಮನ ಪಾಲು. ನಾಲ್ಕನೆಯದು ಚಿಗಟೇರಿಯಲ್ಲಿ ಬಿತ್ತು. ಹೊಲದವರ ಫೋನಿನಿಂದ ತನ್ನ ನಂಬರಿಗೆ ಕರೆ ಮಾಡಿ, ಬೋರಿನ ಪೈಪಿಗೆ ಕಿವಿ ಹಚ್ಚಿ ಕೂತನಂತೆ.

“ಸುಮ್ನಿರ್ರಿ! ರಿಂಗ್ ಆಗಾಕತ್ತೈತಿ!”

“ಯಾರರ ಎತ್ತಿದ್ರ, ನೀರು ಎಷ್ಟು ಐತಿ ಕೇಳಲೇ!” ಎಂದರಂತೆ ಹೊಲದವರು.

ಅದೇ ದಿನ ನನ್ನ ಮಗಳಿಗೆ ಜ್ವರ ಏರಿ, ದವಾಖಾನೆಯಿಂದ ನಾನು ಅವನಿಗೆ ಕರೆ ಮಾಡಿ ಮಾಡಿ ಸೋತಿದ್ದೆ. ಮಗಳು ಹುಷಾರಾದಳು, ಅಣ್ಣ ಆಗಲಿಲ್ಲ. “ಮಣ್ಣು, ನೀರು, ಬಿಸ್ಲು ಏನ್ ಬಂದ್ರೂ ಸಾಯಬಾರ್ದು, ಅಂಥಾ ಫೋನ್ ನೋಡವ್ವ. ನೀ ಕರದ್ರ ನನಗ ಕೇಳ್ಬೇಕು” ಎಂದ.

ಅವನು ಓದಿದ್ದು ಎರಡನೇ ಇಯತ್ತೆವರೆಗೆ, ನಾನು ಏಳನೇದರವರೆಗೆ. ಮನೆಗೆ ನಾನೇ ಪಂಡಿತೆ! ಕೊಟ್ಟೂರಿನ ಅಂಗಡಿಯಲ್ಲಿ ನೋಡಿದರೆ ಡಬ್ಬಿಗಳ ಮೇಲೆಲ್ಲ ಇಂಗ್ಲಿಷು. “ಎಂಥಾದ್ದು ಬೇಕ್ರಿ ಅಕ್ಕಾರ?” ಎಂದು ಅಂಗಡಿಯವನು ಕೇಳಿದಾಗ, ನೀರಿಗೆ ತಡೆಯುವುದು ಯಾವುದು ಎಂದು ಕೇಳಬಹುದಿತ್ತು. ಓದಲು ಬರದು ಎಂದು ಗೊತ್ತಾದರೆ? ಒಂದು ಡಬ್ಬಿಯ ಮೇಲೆ ಗುಡ್ಡದ ಚಿತ್ರವಿತ್ತು. ಗುಡ್ಡಕ್ಕಿಂತ ಗಟ್ಟಿ ಏನಿದೆ? ಅದನ್ನೇ ತಂದೆ, ಮೇಲೊಂದು ದಪ್ಪ ರಬ್ಬರ್ ಕವಚ ಹಾಕಿಸಿದೆ, “ನೋಡಿ ಆರಿಸೀನಿ” ಎಂದು ಅಣ್ಣನ ಕೈಗಿಟ್ಟೆ.

ಮರುದಿನ ಪಕ್ಕದ ಮನೆಯ ಹುಡುಗಿ ಡಬ್ಬಿ ಓದಿದಳು. “ಅಕ್ಕಾ, ಇದಕ್ಕ ನೀರು ತಾಗಿಸಬ್ಯಾಡ್ರಿ ಅಂತ ಬರದೈತಿ.” ನಾನು ಡಬ್ಬಿಯನ್ನು ನೀರೊಲೆಗೆ ಹಾಕಿದೆ.

ಅಷ್ಟರಲ್ಲಿ ಅಣ್ಣ ಫೋನಿಗೆ ಬಕೆಟ್ಟಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಸಿದ್ದ! ಅದಕ್ಕೂ ಅದು ಸಾಯಲಿಲ್ಲ. ಹಿರೇಹಡಗಲಿಯಲ್ಲಿ ಮೋಟಾರು ಇಳಿಸಿ ಪೂಜೆಗೆ ನಿಂತಾಗ, ಕಾಯಿ ಒಡೆಯಲು ಹತ್ತಿರ ಕಲ್ಲಿರಲಿಲ್ಲ. “ನನ್ ತಂಗಿ ಆರಿಸಿದ್ದು!” ಎಂದು ಫೋನಿನಿಂದಲೇ ಹೊಡೆದ. ಕಾಯಿ ಎರಡು ಹೋಳು, ಫೋನಿಗೆ ಗೀರೂ ಇಲ್ಲ! ಅಲ್ಲಿಂದ ಮುಂದೆ ಯಾವ ಹೊಲದಲ್ಲಿ ಪೂಜೆಯಾದರೂ ಕಲ್ಲಿಗೆ ರಜ.

“ಅಣ್ಣಾ, ಹೂವಿನಂಗ ಇಟ್ಗೊಳ್ಳೋ!”

“ಹೂವಿನಂಗ ಇಟ್ಗೊಳ್ಳಾಕ ಗಟ್ಟೀದು ಯಾಕ ತರ್ಸಿದ್ನಿ?”

ಕಾಯಿ ಒಡೆದ ಸುದ್ದಿ ಬಂದಾಗಲೆಲ್ಲ ನನ್ನ ಎದೆ ಒಡೆಯುತ್ತಿತ್ತು.

ಹೋದ ವಾರ ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ಫೋನು ಅವನ ತೊಡೆಯಿಂದ ಜಾರಿತು. ಬಿದ್ದದ್ದು ಎಲ್ಲಿಗೆ? ಮಡಿಸಿಟ್ಟ ಮೆತ್ತನೆ ಕೌದಿಯ ಮೇಲೆ! ಅಲ್ಲೇ ಪ್ರಾಣ ಬಿಟ್ಟಿತು.

ಬೈಯುತ್ತಾನೆ ಎಂದುಕೊಂಡೆ. ಅವನು ಟವಲಿನಿಂದ ಫೋನನ್ನು ಒರೆಸುತ್ತ, ತಲೆ ಎತ್ತದೆ ಹೇಳಿದ: “ನೀ ಒಳ್ಳೇದ ಆರಿಸಿದ್ದಿ. ನಾನ ಕಾಯಿ ಒಡದು ಒಡದು ಕೊಂದೆ. ಇನ್ನ ನೀ ಕರದ್ರ ನನಗ ಹೆಂಗ ಕೇಳ್ತೈತವ್ವ?”

ಇಷ್ಟು ದಿನ ಹಿಡಿದಿಟ್ಟದ್ದು ಬಾಯಿಗೆ ಬಂತು.

“ಅಣ್ಣಾ, ಅದು ಗಟ್ಟಿ ಫೋನ ಅಲ್ಲ. ಡಬ್ಬಿ ಓದಾಕ ನನಗ ಬರ್ಲಿಲ್ಲ, ಕೇಳಾಕ ನಾಚಿಕಿ ಆತು. ನಿನಗ ಸುಳ್ಳು ಹೇಳೀನಿ. ತಪ್ಪಾತಣ್ಣ.”