ಹೌದಪ್ಪನ ಸ್ಕೋರು

ಕುರ್ಚಿಯಲ್ಲಿ ಕೂತವರ ಮಾತಿಗೆ ಎದುರಾಡಬಾರದು ಎಂಬುದು ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ. ಕತ್ತರಿ ಹಿಡಿಯುವುದನ್ನು ಕಲಿಸಿದ್ದು ಆಮೇಲೆ. “ಗಿರಾಕಿ ಮಳೆ ಬರುತ್ತೆ ಅಂದ್ರೆ ಬಂದೇ ಬರುತ್ತೆ ಅನ್ನು. ಬರಲ್ಲ ಅಂದ್ರೆ ಎಲ್ಲಿಂದ ಬರ್ಬೇಕು ಅನ್ನು. ಮಳೆ ತನ್ನ ಪಾಡು ತಾನು ನೋಡ್ಕೊಳ್ಳುತ್ತೆ” ಎಂದಿದ್ದರು. ಮಗ ಈ ಪಾಠವನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ, ಬಡಾವಣೆಯ ಜನ ಅವನ ನಿಜವಾದ ಹೆಸರನ್ನೇ ಮರೆತು ಹೌದಪ್ಪ ಎಂದು ಕರೆಯತೊಡಗಿದರು. ಹಾಗೆ ಕರೆದದ್ದಕ್ಕೂ ಅವನು ಹೌದು ಎಂದೇ ಓಗೊಟ್ಟ.

ಅವನ ಸಲೂನು ಇದ್ದದ್ದು ಮೇಲಿನ ಬೀದಿ, ಕೆಳಗಿನ ಬೀದಿ ಎರಡೂ ಕೂಡುವ ಮೂಲೆಯಲ್ಲಿ. ಹೊಟ್ಟೆ ತುಂಬುತ್ತಿದ್ದುದು ಎರಡೂ ಬೀದಿಯ ತಲೆಗಳಿಂದ. ಮೇಲಿನ ಬೀದಿ ಮುನಿದರೆ ಬಾಡಿಗೆಗೆ ಕುತ್ತು, ಕೆಳಗಿನ ಬೀದಿ ಮುನಿದರೆ ಊಟಕ್ಕೆ ಕುತ್ತು. ಸಾಲದ್ದಕ್ಕೆ ಬಸ್ ನಿಲ್ದಾಣದ ಬಳಿ ಆಳೆತ್ತರದ ಕನ್ನಡಿಗಳ ಹೊಸ ಸಲೂನೊಂದು ಬೇರೆ ಬಾಯಿ ತೆರೆದು ಕೂತಿತ್ತು. ಇರುವ ಒಬ್ಬ ಗಿರಾಕಿಯೂ ಅತ್ತ ಜಾರಬಾರದು ಎನ್ನುವುದೊಂದೇ ಹೌದಪ್ಪನ ಹಗಲಿರುಳಿನ ಚಿಂತೆ.

ಇಂಥವನಿಗೂ ಬೇಸ್‌ಬಾಲಿಗೂ ಎಲ್ಲಿಗೆಲ್ಲಿಯ ಸಂಬಂಧ? ಆ ಆಟವನ್ನು ಎರಡೂ ಬೀದಿಯ ಮಕ್ಕಳಿಗೆ ಹಚ್ಚಿದವರು ಶಾಲೆಯ ಡ್ರಿಲ್ ಮೇಷ್ಟ್ರು. ಮಕ್ಕಳು ಆಡಿದರು, ಬಿದ್ದರು, ಎದ್ದರು, ಮರೆತರು. ಮರೆಯದವರು ಹೆತ್ತವರು. ಹೋದ ಭಾನುವಾರದ ಪಂದ್ಯದಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರು ತಂತಮ್ಮ ಬೋರ್ಡಿನಲ್ಲಿ ತಾವೇ ಸ್ಕೋರು ಬರೆದುಕೊಂಡಿದ್ದರು. ಮೇಲಿನ ಬೀದಿಯ ಬೋರ್ಡಿನಲ್ಲಿ ಮೇಲಿನ ಬೀದಿ ಗೆದ್ದಿತು. ಕೆಳಗಿನ ಬೀದಿಯ ಬೋರ್ಡಿನಲ್ಲಿ ಕೆಳಗಿನ ಬೀದಿ ಗೆದ್ದಿತು. ಎರಡೂ ವಿಜಯಯಾತ್ರೆಗಳು ಮೂಲೆಯಲ್ಲಿ ಎದುರುಬದುರಾದಾಗ ನಡೆದದ್ದನ್ನು ಹೇಳದಿರುವುದೇ ಲೇಸು. ಈ ಭಾನುವಾರ ಅದೇ ಪಂದ್ಯ ಮತ್ತೆ ಎಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಸಲೂನಿನ ಬಾಗಿಲು ತೆರೆಯುತ್ತಿದ್ದಂತೆ ಮೇಲಿನ ಬೀದಿಯ ಬೇಕರಿ ಯಜಮಾನರು ಬಂದು ಕುರ್ಚಿಯಲ್ಲಿ ಧೊಪ್ಪನೆ ಕೂತರು. ಅವರ ಮಗನೇ ಮೇಲಿನ ಬೀದಿಯ ಪರವಾಗಿ ಚೆಂಡೆಸೆಯುವವನು.

“ಹೋದ ವಾರ ಗೆದ್ದಿದ್ದು ಯಾರು, ನೀನೇ ಹೇಳಯ್ಯಾ” ಎಂದರು, ಗಲ್ಲದ ತುಂಬ ನೊರೆ ಮೆತ್ತಿಸಿಕೊಂಡು.

“ಅದನ್ನ ಕೇಳ್ಬೇಕಾ ಅಣ್ಣಾ? ನೀವೇ.”

“ನಿನಗಿರೋ ಬುದ್ಧಿ ಆ ಕೆಳಗಿನ ಬೀದಿ ಡಾಕ್ಟ್ರಮ್ಮನಿಗಿಲ್ಲ ನೋಡು!”

“ಎಲ್ಲಿಂದ ಬರ್ಬೇಕಣ್ಣಾ!”

ಅವರು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ಕೆಳಗಿನ ಬೀದಿಯ ಹಲ್ಲಿನ ಡಾಕ್ಟರಮ್ಮ ಮಗಳನ್ನು ಕರೆದುಕೊಂಡು ಬಂದರು. ಆಡುವಾಗ ಹುಡುಗಿಯ ಮುಂಗೂದಲು ಕಣ್ಣಿಗೆ ಬೀಳುತ್ತಿತ್ತಂತೆ.

“ನೋಡಿ, ಹೋದ ವಾರ ನಮ್ಮೋರು ಗೆದ್ದಿದ್ರು. ಆ ಬೇಕರಿಯವರು ಲೆಕ್ಕಾನೂ ಬನ್ನಿನ ಥರಾನೇ ಉಬ್ಬಿಸ್ತಾರೆ. ನೀವೇನಂತೀರಿ?”

“ಉಬ್ಬಿಸೋದು ಅಂದ್ರೆ ಡಾಕ್ಟ್ರಮ್ಮಾ, ಹಾಗೀಗಲ್ಲ!” ಎಂದ ಹೌದಪ್ಪ, ಮಗುವಿನ ಹಣೆಯ ಮೇಲೆ ಕತ್ತರಿ ಆಡಿಸುತ್ತ.

ಎರಡು ಕಡೆಯವರನ್ನೂ ನಗುನಗುತ್ತಾ ಕಳಿಸಿಕೊಟ್ಟೆ ಎಂದು ಅವನು ಹಿಗ್ಗಿದ. ಮುಂದೆ ಬರುವುದನ್ನು ಬಲ್ಲವನಾಗಿದ್ದರೆ ಆಗಲೇ ಬಾಗಿಲೆಳೆದುಕೊಂಡು ಹೆಂಡತಿಯ ತವರಿಗೆ ಹೋಗಿಬಿಡುತ್ತಿದ್ದ.

ಅತ್ತ ಮೈದಾನದಲ್ಲಿ ಪಂದ್ಯಕ್ಕೆ ಮೊದಲೇ ಪಂದ್ಯ ಶುರುವಾಗಿತ್ತು. ಸ್ಕೋರು ಬರೆಯುವವರು ಯಾರು? ಹೆತ್ತವರು ಬೇಡ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದರು ಡ್ರಿಲ್ ಮೇಷ್ಟ್ರು. ಹಾಗಾದರೆ ನೀವೇ ಬರೆಯಿರಿ ಎಂದರೆ ಎರಡು ಕೈಯನ್ನೂ ಜೋಡಿಸಿದರು. ಹೋದ ವಾರ ಅವರ ಅಂಗಿಯ ತೋಳು ಒಂದು ಬೀದಿಯ ಪಾಲಾಗಿ, ಜೇಬು ಇನ್ನೊಂದು ಬೀದಿಯ ಪಾಲಾಗಿತ್ತು. “ನಾನು ಔಟು, ಔಟಲ್ಲ ಅಂತ ಕೂಗ್ತೀನಿ. ಅಷ್ಟೇ. ಎಣಿಸೋದು ನನ್ನ ಜಾತಕದಲ್ಲಿ ಬರೆದಿಲ್ಲ. ಎರಡೂ ಕಡೆಯೋರು ಒಪ್ಪೋ ಒಬ್ಬನ್ನ ತೋರ್ಸಿ.”

ಬೇಕರಿ ಯಜಮಾನರೂ ಡಾಕ್ಟರಮ್ಮನೂ ಒಂದೇ ಉಸಿರಿಗೆ “ನಮ್ಮ ಹೌದಪ್ಪ!” ಎಂದರು. ಎಂದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಚ್ಚಿದರು. ಬಾಯಿಂದ ಬಂದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ? ಅವನು ನಮ್ಮವನೇ, ಪಾಪ ಎದುರು ಪಕ್ಷಕ್ಕೆ ಗೊತ್ತಿಲ್ಲ ಎಂದು ಇಬ್ಬರೂ ಒಳಗೊಳಗೇ ಸಮಾಧಾನಪಟ್ಟುಕೊಂಡರು.

ಮೇಷ್ಟ್ರು ಓಡಿಬಂದು ವಿಷಯ ಹೇಳಿದಾಗ ಹೌದಪ್ಪ ಅಂಚೆಯವನ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಕೈ ಹಾಕಿದ್ದ.

“ಮೇಷ್ಟ್ರೇ, ನಂಗೆ ಆ ಆಟದ ಗಂಧಗಾಳಿ ಗೊತ್ತಿಲ್ಲ!”

“ಗೊತ್ತಿಲ್ದೇ ಇರೋದೇ ಒಳ್ಳೇದು. ಗೊತ್ತಿರೋರೆಲ್ಲ ಜಗಳ ಆಡ್ತಿದಾರೆ. ಬರಲ್ಲ ಅಂದ್ರೆ ಎರಡೂ ಬೀದಿಯೋರು ಬೇಜಾರು ಮಾಡ್ಕೋತಾರೆ, ಆಮೇಲೆ ನಿಮ್ಮಿಷ್ಟ.”

ಕೊನೆಯ ಮಾತು ಕೇಳಿದ್ದೇ ಹೌದಪ್ಪನ ಕೈಯಿಂದ ರೇಜರ್ ಜಾರಿತು. ಅವನು ಹೊರಟ. ಅರ್ಧ ಮುಖದ ಅಂಚೆಯವನು ಕೊರಳಿನ ಬಟ್ಟೆಯ ಸಮೇತ ಅವನ ಬೆನ್ನು ಹತ್ತಿದ. ಅವನ ಮನೆ ಎರಡು ಬೀದಿಗೂ ಸೇರಿದ್ದಲ್ಲ. ಆದರೆ ಮುಖದ ಉಳಿದರ್ಧ ಹೌದಪ್ಪನ ಕೈಯಲ್ಲಿತ್ತು.

ಮೈದಾನದ ಅಂಚಿಗೆ ಕರಿಹಲಗೆಯೊಂದನ್ನು ನಿಲ್ಲಿಸಿದ್ದರು. ಎಡಕ್ಕೆ ಮೇಲಿನ ಬೀದಿ, ಬಲಕ್ಕೆ ಕೆಳಗಿನ ಬೀದಿ. ಹೌದಪ್ಪ ಸೀಮೆಸುಣ್ಣ ಹಿಡಿದು ನಿಂತ. ಅಂಚೆಯವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಾಠ ಶುರು ಮಾಡಿದ.

“ಸುಲಭ ಕಣಯ್ಯಾ. ಬ್ಯಾಟಲ್ಲಿ ಚೆಂಡು ಹೊಡೀಬೇಕು. ಹೊಡೆದು ಓಡಿ ಒಂದನೇ ಮೂಲೆ, ಎರಡನೇ ಮೂಲೆ, ಮೂರನೇ ಮೂಲೆ ಮುಟ್ಟಿ, ಹೊರಟ ಜಾಗಕ್ಕೇ ವಾಪಸ್ ಬಂದ್ರೆ ಒಂದು ರನ್.”

“ಹೊರಟ ಜಾಗಕ್ಕೇ ಬರೋದಾದ್ರೆ ಹೋಗೋದು ಯಾಕೆ?”

“ಟಪಾಲು ಹಂಚೋನ ಹತ್ರ ಆ ಪ್ರಶ್ನೆ ಕೇಳ್ಬೇಡ. ನಂಗೂ ದಿನಾ ಹಾಗೇ ಅನ್ಸುತ್ತೆ.”

ಕೆಳಗಿನ ಬೀದಿಯವರ ಸರದಿ ಮೊದಲು ಬಂತು. ಹುಡುಗನೊಬ್ಬ ಬಾರಿಸಿ ಒಂದನೇ ಮೂಲೆಯಲ್ಲಿ ನಿಂತ. ಇನ್ನಿಬ್ಬರು ಬಾರಿಸಿದಾಗ ಮೂರೂ ಮೂಲೆಗಳು ಭರ್ತಿಯಾದವು. ಆಮೇಲೆ ಬಂದ ಡಾಕ್ಟರಮ್ಮನ ಮಗಳು ಬ್ಯಾಟನ್ನು ಹೆಗಲ ಮೇಲಿಟ್ಟು ಸುಮ್ಮನೆ ನಿಂತುಕೊಂಡಳು. ಬೇಕರಿ ಹುಡುಗ ಒಂದರ ಮೇಲೊಂದು ಅಡ್ಡಾದಿಡ್ಡಿ ಚೆಂಡೆಸೆದ. ನಾಲ್ಕನೆಯದಾಗುತ್ತಲೇ ಹುಡುಗಿ ಬ್ಯಾಟು ಬಿಸಾಕಿ ವಾಯುಸೇವನೆಗೆ ಹೊರಟವಳಂತೆ ನಡೆದುಹೋದಳು. ಮೂಲೆಗಳಲ್ಲಿದ್ದವರೂ ಒಂದೊಂದು ಮೂಲೆ ಮುಂದಕ್ಕೆ ನಡೆದರು.

“ರನ್! ಬರೀರಿ!” ಡಾಕ್ಟರಮ್ಮ ಕುಣಿದರು.

ಹೌದಪ್ಪ ಕಣ್ಣು ಕಣ್ಣು ಬಿಟ್ಟ. “ಯಾರೂ ಹೊಡೀಲೇ ಇಲ್ವಲ್ಲಪ್ಪ?”

“ಕೆಟ್ಟ ಚೆಂಡು ನಾಲ್ಕು ಬಂದ್ರೆ ಒಂದನೇ ಮೂಲೆ ಪುಕ್ಕಟೆ. ಅಲ್ಲಿದ್ದೋನು ಎರಡನೇದಕ್ಕೆ. ಹೀಗೆ ತಳ್ಳಿ ತಳ್ಳಿ ಕೊನೆಯೋನು ಮನೆಗೆ, ಅಂದ್ರೆ ಹೊರಟ ಜಾಗಕ್ಕೆ” ಎಂದ ಅಂಚೆಯವನು.

“ಏನೂ ಮಾಡದೆ ನಿಂತಿದ್ದಕ್ಕೆ ಬಹುಮಾನವಾ?”

“ಸರ್ಕಾರಿ ನೌಕರಿ ಅಂದ್ಕೋ.”

ಹೌದಪ್ಪ ಬಲಗಡೆ ಒಂದು ಎಂದು ಬರೆದ. ತಕ್ಷಣ ಬೇಕರಿ ಯಜಮಾನರು ಹೊಟ್ಟೆ ಮುಂದು ಮಾಡಿಕೊಂಡು ಬಂದರು. “ನನ್ನ ಮಗನ ಕೈಯಿಂದ ಕೆಟ್ಟ ಚೆಂಡು ಬರೋದುಂಟೇನಯ್ಯಾ? ಅಳಿಸು!” ಅವನು ಅಳಿಸಿದ. “ಯಾಕ್ರೀ ಅಳಿಸಿದ್ರಿ?” ಎಂದರು ಡಾಕ್ಟರಮ್ಮ. ಅವನು ಬರೆದ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು? ಬರೆದು ಅಳಿಸಿ, ಅಳಿಸಿ ಬರೆದು ಕರಿಹಲಗೆ ಬಿಳಿಹಲಗೆಯಾಯಿತು.

ಆಗ ಅವನಿಗೆ ಹೊಳೆಯಿತು, ತನ್ನ ಕಸುಬಿನದೇ ಒಂದು ಉಪಾಯ. ಕಿವಿಯ ಪಕ್ಕದ ಕೂದಲು ಒಂದು ಕಡೆ ಉದ್ದವಾಗಿ ಕಂಡರೆ ಆ ಕಡೆ ಒಂದಿಷ್ಟು ಕತ್ತರಿಸುವುದು. ಈ ಕಡೆ ಉದ್ದವೆನಿಸಿದರೆ ಈ ಕಡೆ. ಎರಡೂ ಸಮವಾದರೆ ಯಾವ ಗಿರಾಕಿಯೂ ತಕರಾರೆತ್ತುವುದಿಲ್ಲ. ಸ್ಕೋರಿಗೂ ಅದೇ ನ್ಯಾಯ. ಬೇಕರಿಯವರು ತಿರುಗಿ ನಿಂತಾಗ ಎಡಗಡೆಯೂ ಒಂದು ಎಂದು ಬರೆದ.

“ಲೋ, ಅವರಿನ್ನೂ ಬ್ಯಾಟೇ ಹಿಡಿದಿಲ್ಲ!” ಎಂದ ಅಂಚೆಯವನು.

“ಹಿಡೀತಾರೆ ಬಿಡು. ಇವತ್ತಲ್ಲ ನಾಳೆ ಕೊಡ್ಬೇಕಾದ್ದೇ ತಾನೇ?”

ಅಲ್ಲಿಂದ ಮುಂದೆ ಹೌದಪ್ಪ ಆಟವನ್ನು ನೋಡುವುದನ್ನೇ ಬಿಟ್ಟು ಎರಡು ಮುಖಗಳನ್ನು ನೋಡಿಕೊಂಡು ನಿಂತ. ಬೇಕರಿಯವರ ಮುಖ ಕೆಂಪಾದರೆ ಎಡಗಡೆಗೆ ಒಂದು, ಡಾಕ್ಟರಮ್ಮನ ಹುಬ್ಬು ಗಂಟಾದರೆ ಬಲಗಡೆಗೆ ಒಂದು. ನಡುವೆ ಮೇಲಿನ ಬೀದಿಯ ಹುಡುಗನೊಬ್ಬ ಮನೆ ಮುಟ್ಟಲೂ, ಅತ್ತ ಎರಡನೇ ಮೂಲೆಯಲ್ಲಿ ಅವನ ಜೊತೆಯವನನ್ನು ಚೆಂಡು ತಾಗಿಸಿ ಹಿಡಿಯಲೂ ಒಂದೇ ಹೊತ್ತಾಗಿ, ಮೈದಾನವೇ ಎದ್ದು ನಿಂತಿತು.

“ಕಾಲು ಮೊದಲು!” “ಔಟು ಮೊದಲು!”

“ಅದು ಮೂರನೇ ಔಟು ಕಣಯ್ಯಾ. ಔಟು ಮೊದಲಾಗಿದ್ರೆ ಆ ರನ್ ಲೆಕ್ಕಕ್ಕಿಲ್ಲ” ಎಂದ ಅಂಚೆಯವನು. ಆ ಗಳಿಗೆಯಲ್ಲಿ ಹೌದಪ್ಪ ನೋಡುತ್ತಿದ್ದುದು ಕೈಯಲ್ಲಿದ್ದ ಸೀಮೆಸುಣ್ಣದ ಚೂರನ್ನು. ಮೇಷ್ಟ್ರ ಕಡೆ ತಿರುಗಿದ.

“ನಾನು ಔಟು ಅಂತ ಕೂಗಿಯಾಯ್ತು. ರನ್ ಬಂತೋ ಇಲ್ವೋ ಅನ್ನೋದು ಬರೆಯೋರ ತಲೆನೋವು” ಎಂದು ಮೇಷ್ಟ್ರು ಸೀಟಿಯನ್ನು ಬಾಯಿಗೆ ತುರುಕಿಕೊಂಡರು.

ಎರಡು ಕಡೆಗೂ ಒಂದೊಂದು ಬರೆದು ಹೌದಪ್ಪ ಹಣೆಯ ಬೆವರೊರೆಸಿಕೊಂಡ. ಹಣೆಯೂ ಬಿಳಿಯಾಯಿತು.

ಅಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ದಾಪುಗಾಲು ಹಾಕುತ್ತ ಬಂದಳು. “ರೀ, ಅಂಗಡಿ ಹಾರು ಹೊಡೆದು ಇಲ್ಲೇನು ಮಾಡ್ತಿದೀರಿ? ಭಾನುವಾರದ ಗಿರಾಕಿಗಳೆಲ್ಲ ಕಾದು ಕಾದು ಬಸ್ ಸ್ಟ್ಯಾಂಡ್ ಕಡೆ ಹೊರಟ್ರು!”

“ಸುಮ್ನಿರೇ. ಈ ಒಂದು ದಿನ ಹೋದ್ರೆ ಹೋಗ್ಲಿ. ಎರಡೂ ಬೀದಿಯೋರನ್ನ ಉಳಿಸ್ಕೋಬೇಕು.”

“ಯಾರು ಗೆಲ್ತಿದಾರೆ?”

“ಅದು ಮಾತ್ರ ಕೇಳ್ಬೇಡ.”

ಸೀಟಿ ಊದಿ ಮೇಷ್ಟ್ರು ಆಟ ಮುಗಿಯಿತೆಂದರು. ಮಕ್ಕಳು ಹಲಗೆಯತ್ತ ತಿರುಗಿಯೂ ನೋಡದೆ ಐಸ್‌ಕ್ರೀಮ್ ಗಾಡಿಗೆ ಮುತ್ತಿಗೆ ಹಾಕಿದರು. ಹಲಗೆಯಲ್ಲಿ ಎಡಕ್ಕೂ ಹದಿನೇಳು, ಬಲಕ್ಕೂ ಹದಿನೇಳು. ಎರಡು ಕಿವಿಯ ಪಕ್ಕವೂ ಗೆರೆ ಎಳೆದಂತೆ ಸಮ. ಎಲ್ಲರೂ ನಗುತ್ತಾರೆ ಎಂದು ಹೌದಪ್ಪ ನಿಂತುಕೊಂಡ.

ಯಾರೂ ನಗಲಿಲ್ಲ.

“ಮೋಸ! ನಮ್ಮ ಕೈಯಲ್ಲಿದ್ದ ಆಟ!” ಎಂದರು ಬೇಕರಿ ಯಜಮಾನರು. “ಹಗಲು ದರೋಡೆ! ನಮಗೆ ಬಂದ ರನ್ನೆಲ್ಲ ನುಂಗಿಬಿಟ್ರು!” ಎಂದರು ಡಾಕ್ಟರಮ್ಮ. ಎರಡೂ ಬೀದಿಯ ಜನ ಅವನನ್ನು ಸುತ್ತುಗಟ್ಟಿದರು. ಹೌದಪ್ಪನ ಕಣ್ಣಮುಂದೆ ಖಾಲಿ ಕುರ್ಚಿ ಬಂದು ನಿಂತಿತು. ಆದರೂ ಬದುಕಿನಲ್ಲಿ ಮೊದಲ ಬಾರಿಗೆ ಅವನು ಎದುರಿದ್ದವರಿಗೆ ಸರಿಹೋಗದ ಮಾತೊಂದನ್ನು ಆಡಿದ.

“ಸ್ವಾಮಿ, ನಂಗೆ ಈ ಆಟ ತಲೆಬುಡ ಗೊತ್ತಿಲ್ಲ. ನಾನು ಬರೆದಿದ್ದು ಆಟ ನೋಡಿ ಅಲ್ಲ, ನಿಮ್ಮ ಮುಖ ನೋಡಿ. ಬೆಳಿಗ್ಗೆ ಅಣ್ಣನಿಗೆ ನೀವೇ ಗೆದ್ದಿದ್ದು ಅಂದೆ, ಡಾಕ್ಟ್ರಮ್ಮನ ಮಾತಿಗೂ ತಲೆ ಆಡಿಸ್ದೆ. ತಪ್ಪಾಯ್ತು, ಬಿಟ್ಬಿಡಿ.”

ಡ್ರಿಲ್ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು.

“ಅಲ್ರೀ, ಮೇಲಿನ ಬೀದಿಯೋರಿಗೆ ಸಿಟ್ಟು ಬಂದಿದೆ ತಾನೇ?”

“ಬಂದಿದೆ!”

“ಕೆಳಗಿನ ಬೀದಿಯೋರಿಗೆ?”

“ಅವರಿಗಿಂತ ಜಾಸ್ತಿ!”

“ಇಬ್ಬರಿಗೂ ಒಂದೇ ಸಮ ಉರಿಯೋ ಹಾಗೆ ಸ್ಕೋರು ಬರೆಯೋನು ಎಲ್ಲಿ ಸಿಗ್ತಾನೆ? ಹೋದ ವಾರ ಇಬ್ಬರಿಗೂ ಖುಷಿಯಾಗಿತ್ತು, ಏನಾಯ್ತು? ಇದಪ್ಪ ನ್ಯಾಯ ಅಂದ್ರೆ!”

ಬೇಕರಿ ಯಜಮಾನರು ಡಾಕ್ಟರಮ್ಮನನ್ನು ನೋಡಿದರು. ಡಾಕ್ಟರಮ್ಮ ಬೇಕರಿ ಯಜಮಾನರನ್ನು ನೋಡಿದರು. ಎದುರಿನವರೂ ತಮ್ಮಷ್ಟೇ ಬೆಂದಿದ್ದಾರೆ ಎಂಬುದನ್ನು ಕಂಡಾಗ ಇಬ್ಬರ ಮುಖದಲ್ಲೂ ನೆಮ್ಮದಿಯ ಗೆರೆಯೊಂದು ಮೂಡಿತು. ಎರಡೂ ಕಡೆಯವರು ಮೇಷ್ಟ್ರ ಜೊತೆ ಮರದ ಕೆಳಗೆ ಹೋಗಿ ಗುಸುಗುಸು ಮಾಡಿದರು. “ಬೆಳಿಗ್ಗೆ ನೀವು ಹೋಗಿದ್ರಾ ಅವನ ಹತ್ರ?” “ನೀವು ಹೋಗಿರ್ಲಿಲ್ವಾ?” ಎಂಬ ಮಾತು ಇಲ್ಲಿಗೂ ಕೇಳಿಸಿತು. ಹೌದಪ್ಪ ಹೆಂಡತಿಯ ಕೈ ಹಿಡಿದುಕೊಂಡು ಕಾದ.

ಬೇಕರಿ ಯಜಮಾನರು ಬಂದು ಹೆಗಲ ಮೇಲೆ ಕೈಯಿಟ್ಟರು. “ತೀರ್ಮಾನ ಆಯ್ತಯ್ಯಾ. ಇನ್ಮೇಲೆ ಎಲ್ಲ ಪಂದ್ಯಕ್ಕೂ ನೀನೇ ಸ್ಕೋರು ಬರೆಯೋನು. ಪ್ರತಿ ಭಾನುವಾರ, ಬೆಳಿಗ್ಗೆಯಿಂದ ಸಂಜೆ ತನಕ.”

“ಭಾನುವಾರವಾ?” ಎಂದಳು ಹೆಂಡತಿ.

“ಇನ್ನೊಂದಿದೆ” ಎಂದರು ಡಾಕ್ಟರಮ್ಮ, ಗದ್ಗದರಾಗಿ. “ನ್ಯಾಯ ಹೇಳೋರ ಮೇಲೆ ಯಾರೂ ಬೆರಳು ತೋರಿಸಬಾರದು. ಕುರ್ಚಿಯಲ್ಲಿ ಕೂತೋರು ಇವರ ಕಿವಿ ಊದ್ತಾರೆ. ಅದಕ್ಕೇ ಪಂದ್ಯಗಳೆಲ್ಲ ಮುಗಿಯೋವರೆಗೂ ಎರಡೂ ಬೀದಿಯಿಂದ ಒಬ್ಬರೂ ಇವರ ಸಲೂನಿಗೆ ಕಾಲಿಡಬಾರದು ಅಂತ ಒಮ್ಮತದಿಂದ ಒಪ್ಪಿದೀವಿ.”

“ನಮಗೂ ಕಷ್ಟವೇ. ಬಸ್ ಸ್ಟ್ಯಾಂಡ್ ತನಕ ನಡೀಬೇಕು” ಎಂದರು ಬೇಕರಿ ಯಜಮಾನರು. “ಆದ್ರೂ ಪರವಾಗಿಲ್ಲ. ನಿನ್ನಂಥ ಪ್ರಾಮಾಣಿಕನಿಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?”

ಎರಡೂ ಬೀದಿಯ ಜನ ಒಟ್ಟಾಗಿ ಚಪ್ಪಾಳೆ ತಟ್ಟಿದರು. ಹೋದ ವಾರ ಒಬ್ಬರ ಅಂಗಿ ಒಬ್ಬರು ಹರಿದವರು ಇಂದು ಹೆಗಲಿಗೆ ಹೆಗಲು ತಾಗಿಸಿಕೊಂಡು ಮನೆಯ ದಾರಿ ಹಿಡಿದರು. ಮೈದಾನದಲ್ಲಿ ಉಳಿದವರು ಹೌದಪ್ಪ, ಅವನ ಹೆಂಡತಿ, ಅರ್ಧ ಮುಖದ ಅಂಚೆಯವನು.

ಹೌದಪ್ಪ ಹಲಗೆಯ ಎರಡು ಕಡೆಯನ್ನೂ ಇನ್ನೊಮ್ಮೆ ಓದಿದ.

“ಮೇಲಿನ ಬೀದಿಯೋರು ಸೋಲಲಿಲ್ಲ. ಕೆಳಗಿನ ಬೀದಿಯೋರೂ ಸೋಲಲಿಲ್ಲ” ಎಂದ. “ಹಾಗಾದ್ರೆ ಸೋತೋರು ಯಾರೇ?”

ಹೆಂಡತಿ ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಳು.

“ನಾವು ಕಣ್ರೀ” ಎಂದಳು.