ಹನಿಯಣ್ಣನ ಮಸಿ

ಗಲೀಜು ಕಂಡರೆ ಆಗದ, ಕಸ ಗುಡಿಸುವ ಅಕ್ಕ ಒಬ್ಬಳು ಆ ಪ್ರಯೋಗಾಲಯದಲ್ಲಿ ಇದ್ದುದೇ ಎಲ್ಲ ಅನಾಹುತಕ್ಕೂ ಮೂಲ.

ಎಲ್ಲರ ಬಾಯಲ್ಲೂ ಹನಿಯಣ್ಣನೇ ಆಗಿಹೋಗಿದ್ದ ನಮ್ಮ ಸಂಶೋಧಕ ಏಳು ವರ್ಷದಿಂದ ಮಾಡುತ್ತಿದ್ದುದು ಒಂದೇ ಕೆಲಸ. ಕೂದಲಿಗಿಂತ ತೆಳ್ಳಗಿನ ಎಳೆಗೆ ಒಂದು ಹನಿ ಡೀಸೆಲ್ ನೇತುಹಾಕುವುದು, ಕಾದ ತಂತಿ ತಾಗಿಸಿ ಹೊತ್ತಿಸುವುದು, ಅದು ಉರಿಯುವುದನ್ನು ಕ್ಯಾಮೆರಾದಲ್ಲಿ ಹಿಡಿಯುವುದು, ಮೇಲೆದ್ದ ಮಸಿಯನ್ನು ಗಾಜಿನ ತುಂಡಿನ ಮೇಲೆ ಕೂಡಿಹಾಕುವುದು. ಹನಿ ಉರಿದುಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಗಾಜು ಕಪ್ಪಾಗುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಹೀಗೆ ಜೀವ ತೇಯ್ದು ಕಪ್ಪಾಗಿಸಿದ ಗಾಜುಗಳನ್ನೆಲ್ಲ ಅಕ್ಕ ಅಂದು ಬೆಳಿಗ್ಗೆ ಸೋಪು ಹಾಕಿ ತಿಕ್ಕಿ ತೊಳೆದು, ಸಾಲಾಗಿ ಜೋಡಿಸಿಟ್ಟಿದ್ದಳು.

“ಪರೀಕ್ಷಕರು ಬರ್ತಾರಲ್ಲಪ್ಪ, ನಿನ್ನ ಮೇಜು ನೋಡೋ ಹಾಗಿರಲಿಲ್ಲ. ಏನು ಜಿಡ್ಡು ಅಂತೀಯ! ನನ್ನ ಉಗುರೆಲ್ಲ ಹೋಯ್ತು.”

ಹನಿಯಣ್ಣ ಒಂದು ಗಾಜನ್ನು ಬೆಳಕಿಗೆ ಹಿಡಿದ. ಅವನ ಏಳು ವರ್ಷದ ಮೂಲಕ ಆಚೆಯ ಕಿಟಕಿ, ಮರ, ಮರದ ಮೇಲಿನ ಕಾಗೆ ಎಲ್ಲವೂ ಸ್ಪಷ್ಟವಾಗಿ ಕಂಡವು.

“ಅಕ್ಕಾ, ಅದೇ ಕಣಕ್ಕಾ ನನ್ನ ಪಿಎಚ್‌ಡಿ!”

“ಅಯ್ಯೋ, ಒಂದು ಮಾತು ಹೇಳೋದಲ್ವಾ!”

ಅಷ್ಟರಲ್ಲಿ ಹೆಂಡತಿಯ ಫೋನು. ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ನಾಳೆ ಸಾಮಾನು ಸಾಗಿಸಲು ಲಾರಿ ಬರುವುದಿತ್ತು. ಪರೀಕ್ಷಕರು ಇವತ್ತು ಪಾಸು ಅಂದರೆ ಹನಿಯಣ್ಣನೂ ಹೊರಡಬಹುದು. ಇಲ್ಲವಾದರೆ ತಾಯಿ ಮಗಳು ಇಬ್ಬರೇ.

“ರೀ, ಈ ಸಲ ಆಗುತ್ತೆ ತಾನೆ? ಹೊಸ ಮನೇಲಿ ಅಪ್ಪನೂ ಇರ್ತಾರಾ ಅಂತ ಇವಳು ಬೆಳಿಗ್ಗೆಯಿಂದ ತಲೆ ತಿಂತಿದಾಳೆ.”

“ಆಗದೆ ಏನು?” ಎಂದ ಹನಿಯಣ್ಣನಿಗೆ ಅಳುವೇ ಬಂದಿತ್ತು.

ಪರೀಕ್ಷಕರು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಂದು ಗಾಜನ್ನಾದರೂ ಮಸಿ ಮಾಡೋಣವೆಂದು ಅವನು ಫ್ಯಾನು ಆರಿಸಿ, ಬಾಗಿಲು ಹಾಕಿ, ಹನಿ ನೇತುಹಾಕಿದ. ಸುದ್ದಿ ಹಬ್ಬಿ ಸಹಾಯಕ್ಕೆಂದು ಜನ ಸೇರಿತು. “ಯಾರೂ ಉಸಿರು ಬಿಡಬೇಡಿ!” ಎಂದು ಅವನ ಗೈಡ್ ಮಹಾಶಯರು ಗದರಿದ ರಭಸಕ್ಕೇ ಮೊದಲ ಹನಿ ಉದುರಿತು. ಎರಡನೆಯದು ವಾಚ್‌ಮನ್ನನ ಸೀನಿಗೆ ಹಾರಿ ಹನಿಯಣ್ಣನ ಕನ್ನಡಕದ ಮೇಲೆ ಕೂತಿತು. ಮೂರನೆಯದು ಹೊತ್ತಿಕೊಂಡಿತು ಎನ್ನುವಾಗ, “ಪಾಪ, ಹೇಗೆ ಬೆವರ್ತಿದಾನೆ ನೋಡಿ” ಎಂದು ಅಕ್ಕ ಫ್ಯಾನು ಹಾಕಿದಳು.

ಅಂತೂ ನಾಲ್ಕನೆಯದು ಉರಿಯಿತು. ಅದರಿಂದ ಸಿಕ್ಕ ಮಸಿ ಸೊಳ್ಳೆಯ ಕಣ್ಣಿಗೆ ಕಾಡಿಗೆ ಹಚ್ಚುವುದಕ್ಕೂ ಸಾಲುತ್ತಿರಲಿಲ್ಲ.

“ಮಸಿ ತಾನೆ ಸಾರ್ ಬೇಕಿರೋದು?” ಎಂದು ಕ್ಯಾಂಟೀನಿನ ಅಡುಗೆಯವನು ಓಡಿಹೋಗಿ ತನ್ನ ಬಾಣಲೆಯನ್ನೇ ಹೊತ್ತು ತಂದ. ತಳದಲ್ಲಿ ಬೆರಳು ದಪ್ಪ ಮಸಿ.

“ಸರ್, ಇದು ಮೋಸ ಆಗಲ್ವಾ?” ಹನಿಯಣ್ಣ ಗೈಡ್ ಮುಖ ನೋಡಿದ.

“ಮಸಿಗೆ ಹೆಸರು ಬರೆದಿರುತ್ತೇನಯ್ಯಾ? ಮೆತ್ತು, ಮೆತ್ತು. ಕಾರು ಬಂತು!”

ಹೊಸ ಮನೆಯ ಬಾಗಿಲಲ್ಲಿ ನಿಂತ ಮಗಳು ಕಣ್ಣ ಮುಂದೆ ಬಂದಳು. ಹನಿಯಣ್ಣ ಕಣ್ಣು ಮುಚ್ಚಿ ಮೆತ್ತಿದ.

ಪರೀಕ್ಷಕರು ಬಂದರು, ಕಾಫಿ ಕುಡಿದರು, ಮೇಜಿನತ್ತ ಕಣ್ಣಾಡಿಸಿದರು, ಆ ಗಾಜನ್ನೇ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಗ್ಗಿದವರು ಏಳಲೇ ಇಲ್ಲ.

“ಅದ್ಭುತ!” ಎಂದರು ಕೊನೆಗೆ. “ಡೀಸೆಲ್ ಮಸಿಯಲ್ಲಿ ಹರಳು! ಚೌಕಾಕಾರದ ಹರಳು! ನನ್ನ ಸರ್ವಿಸ್‌ನಲ್ಲೇ ಕಂಡಿಲ್ಲ.”

ಅದು ಬಾಣಲೆಗೆ ಅಂಟಿದ್ದ ಅಡುಗೆ ಉಪ್ಪೆಂದು ಹನಿಯಣ್ಣನಿಗೆ ಹೊಳೆಯಿತು.

“ಇದನ್ನ ಇಷ್ಟಕ್ಕೇ ಬಿಟ್ಟರೆ ವಿಜ್ಞಾನಕ್ಕೆ ದ್ರೋಹ. ಈ ಹರಳು ಹೇಗೆ ಹುಟ್ಟುತ್ತೆ ಅಂತ ಪೂರ್ತಿ ಕಂಡುಹಿಡೀಬೇಕು. ಆಮೇಲೆ ಡಿಗ್ರಿ.”

“ಸರ್, ತಪ್ಪಾಯ್ತು!” ಹನಿಯಣ್ಣ ಕೈಮುಗಿದುಬಿಟ್ಟ. “ಅದು ಕ್ಯಾಂಟೀನ್ ಬಾಣಲೆ ಮಸಿ ಸರ್!”

ಪರೀಕ್ಷಕರು ಹೊಟ್ಟೆ ಹಿಡಿದು ನಕ್ಕರು. “ಇಂಥ ಆವಿಷ್ಕಾರ ಮಾಡಿಯೂ ಎಂಥ ವಿನಯ! ನಿಜ ಹೇಳ್ತೀನಿ ಕೇಳಪ್ಪ, ನಾನು ಯಾವತ್ತೂ ಗಾಜುಗೀಜು ನೋಡೋನಲ್ಲ. ಕಾಫಿ ಕುಡಿದು, ಪಾಸು ಅಂತ ಹೇಳಿ ರೈಲು ಹತ್ತೋಣ ಅಂತಲೇ ಬಂದಿದ್ದೆ. ಫಳಫಳ ಅನ್ನೋ ಗಾಜುಗಳ ಮಧ್ಯೆ ಒಂದೇ ಒಂದು ಕಪ್ಪಗಿತ್ತಲ್ಲ, ಕಣ್ಣು ಅಲ್ಲೇ ಹೋಯ್ತು.”

ಗೈಡ್ ಮಹಾಶಯರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅಡುಗೆಯವನು ಬಾಣಲೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ತಾನೂ ತಟ್ಟಲು ಹೋಗಿ ಅದನ್ನು ಕಾಲ ಮೇಲೆ ಹಾಕಿಕೊಂಡ.

ಹನಿಯಣ್ಣ ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ.

“ಪರೀಕ್ಷಕರು ಬಹಳ ಮೆಚ್ಚಿಕೊಂಡರು ಕಣೇ.”



“ಇನ್ನೆಷ್ಟು ವರ್ಷ ಅಂದ್ರು?” ಎಂದಳು.