ಅಮಾವಾಸ್ಯೆಯ ಮ್ಯಾಟಿನಿ

ಗಾಳೇಶನ ಮುಖಕ್ಕೆ ನಗಲು ಬರುವುದಿಲ್ಲ ಎಂಬುದೇ ಎಲ್ಲ ರಗಳೆಗೂ ಮೂಲ. ಮನುಷ್ಯ ಕೆಟ್ಟವನಲ್ಲ. ಇರಕಲ್ಲಗಡದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಎಮ್ಮೆ ಒದ್ದರೂ ಅದೇ ಮುಖ, ಎಮ್ಮೆ ಈದರೂ ಅದೇ ಮುಖ. ಎಮ್ಮೆಗಳಿಗೆ ಅದರಿಂದ ತೊಂದರೆಯೇನಿರಲಿಲ್ಲ, ಭಾಗ್ಯನಗರದ ಸಹನಾಳಿಗಿತ್ತು. ಅವನು ಹೆಣ್ಣು ನೋಡಲು ಬಂದ ದಿನ, ಯಾರದೋ ಮಣ್ಣಿಗೆ ಬಂದವರಿಗೆ ಚಹಾ ಕೊಟ್ಟ ಹಾಗಾಯಿತು ಎಂದು ಅವಳು ಗೆಳತಿಯರ ಮುಂದೆ ಹೇಳಿಕೊಂಡಿದ್ದಳು.

ಆದರೂ ಪಾಪ, ಇನ್ನೊಂದು ಅವಕಾಶ ಕೊಡೋಣ ಎಂದು ಗುರುವಾರ ಬೆಳಿಗ್ಗೆ ಅವಳೇ ಫೋನು ಮಾಡಿದಳು.

"ಟಾಕೀಸಿನ್ಯಾಗ ಒಂದು ಪಿಕ್ಚರ್ ನಡದೈತ್ರಿ. ಹುಡುಗ ಹುಡುಗಿ ಜಗಳ ಆಡಕೋತ ಹಳೇ ಕೋಟಿಯೊಳಗ ನಿಧಿ ಹುಡುಕ್ತಾರ. ಮಂಗ್ಯಾ ಬಂದು ನಕ್ಷೆ ಕಸಗೊಂಡು ಓಡತೈತಿ. ನಾ ಎಷ್ಟು ಸಲ ನೋಡಿದರೂ ಹೊಟ್ಟಿ ಹಿಡಕೊಂಡು ನಗ್ತೀನಿ."

"ಅದರಾಗ ನೀತಿ ಏನೈತ್ರಿ?" ಎಂದ ಗಾಳೇಶ.

"ನೀತಿ ಯಾಕ ಬೇಕ್ರಿ? ಕುಂತಷ್ಟು ಹೊತ್ತು ಮನಸ್ಸು ಹಗುರಾಗತೈತಿ, ಸಾಲದೇನು? ನಾಳೆ ಪಿಕ್ಚರ್ ಬದಲಾಗತೈತಿ. ಇವತ್ತ ನೋಡ್ರಿ. ಸಂಜಿಗೆ ಮನಿಗೆ ಬಂದು ಯಾವ ಸೀನಿಗೆ ನಕ್ರಿ ಅಂತ ಹೇಳ್ರಿ. ನಕ್ಕಿದ್ರ ನಾ ಹೂಂ ಅಂತೀನಿ. ನಗದಿರೋರ ಜೋಡಿ ನನಗ ಬಾಳೇ ಮಾಡಾಕ ಆಗಂಗಿಲ್ರಿ."

"ಇವತ್ತು ಅಮಾಸಿ ಐತಲ್ರಿ."

"ಛಲೋನ ಆತು. ಅಮಾಸಿಗೆ ನಮ್ಮವ್ವ ದೇವಿ ದರ್ಶನಕ್ಕ ಹುಲಿಗಿಗೆ ಹೋಗ್ತಾಳ. ಆಕಿ ಮುಂದ ಮಾತ್ರ ಟಾಕೀಸಿನ ಹೆಸರು ಎತ್ತಬ್ಯಾಡ್ರಿ."

ಎತ್ತುವ ಧೈರ್ಯ ಯಾರಿಗಿದೆ? ಅವಳ ತಾಯಿ ದುರ್ಗಾದೇವಿ ಓಣಿಯ ಭಜನಾ ಮಂಡಳಿಯ ಮುಂದಾಳು. ಸಿನಿಮಾ ನೋಡುವವರೆಲ್ಲ ಹಾದಿ ಬಿಟ್ಟವರು ಎಂದು ಭಜನೆಯ ನಡುವೆ ಮೈಕಿನಲ್ಲೇ ಸಾರುವಾಕೆ.

ಕೊಪ್ಪಳದ ಆ ಹಳೆಯ ಟಾಕೀಸು ಮಧ್ಯಾಹ್ನದ ಉರಿಬಿಸಿಲಿನಲ್ಲೂ ಒಳಗೆ ತಣ್ಣಗಿತ್ತು, ಬಾವಿಯ ತಳದ ಹಾಗೆ. ಬಾಗಿಲು ಕಾಯುವ ಮುದುಕ ಯಮನೂರಪ್ಪ ಪರದೆಯ ಮುಂದೆ ತೆಂಗಿನಕಾಯಿ ಒಡೆದು ಬಂದು ಹೊಸ್ತಿಲ ಮೇಲೆ ನಿಂಬೆಹಣ್ಣು ಇಡುತ್ತಿದ್ದ.

"ಯಾರೂ ಇಲ್ಲಲ್ರಿ ಯಜಮಾನ್ರ. ಆಟ ನಡಸ್ತೀರೋ ಇಲ್ಲೋ?" ಎಂದು ಗಾಳೇಶ ಕೇಳಿದ.

"ಬ್ಯಾರೆ ದಿನ ಮಂದಿ ಕೂಡದಿದ್ರ ಬಂದ್ ಮಾಡ್ತೀವ್ರಿ. ಅಮಾಸಿ ದಿನ ಹಂಗಿಲ್ಲ. ಒಂದು ನರಪಿಳ್ಳೆ ಬರದಿದ್ರೂ ಮ್ಯಾಟಿನಿ ಓಡಿಸಾಕಽ ಬೇಕು. ಟಾಕೀಸು ಕಟ್ಟಿದಾಗಿಂದ ನಡಕೋತ ಬಂದ ಪದ್ಧತಿ."

"ಯಾರ ಸಲುವಾಗಿ?"

"ನೋಡೋರು ನೋಡ್ತಾರ," ಎಂದ ಯಮನೂರಪ್ಪ. "ನೀವು ಎಲ್ಲಿ ಬೇಕಾದಲ್ಲಿ ಕುಂದರ್ರಿ. ಹಿಂದಿನ ಸಾಲಿನ್ಯಾಗ ಮಾತ್ರ ಬ್ಯಾಡ. ಅಲ್ಲಿ ಮಂದಿ ಇರ್ತಾರ."

ಗಾಳೇಶ ಇಣುಕಿ ನೋಡಿದ. ಹಿಂದಿನ ಸಾಲು ಪೂರಾ ಖಾಲಿ ಇತ್ತು.

ಮದುವೆಯ ಪ್ರಶ್ನೆ, ಓಡಿಹೋಗುವಂತಿಲ್ಲ. ಮಾಡಿನಲ್ಲಿ ಪಾರಿವಾಳಗಳ ಕಾಟವಿದ್ದದ್ದರಿಂದ ಟವೆಲ್ಲನ್ನು ತಲೆಯ ಮೇಲೆ ಹೊದ್ದು ನಡುವಿನ ಸಾಲಿನಲ್ಲಿ ಕುಳಿತ. ದೀಪ ಆರಿತು. ಪರದೆಯ ಮೇಲೆ ಹುಡುಗ ಹುಡುಗಿ ಚಕ್ಕಡಿಯಲ್ಲಿ ಕುಳಿತು ಜಗಳವಾಡುತ್ತ ಕೋಟೆಗೆ ಹೊರಟರು. ಗಾಳೇಶ ಕತ್ತಲಲ್ಲಿ ಹಲ್ಲು ಕಿರಿದು ನಗುವುದನ್ನು ರೂಢಿ ಮಾಡತೊಡಗಿದ. ದವಡೆ ನೋಯಿತೇ ಹೊರತು ನಗು ಬರಲಿಲ್ಲ.

ಆಗ ಹಿಂದಿನಿಂದ ಯಾರೋ ನಕ್ಕರು. ಒಣಗಿದ ಹುಣಸೆಕಾಯಿ ಅಲುಗಿಸಿದಂಥ ಸಣ್ಣ ನಗು. ಪರದೆಯ ಮೇಲೆ ನಗುವಂಥದ್ದು ಏನೂ ಇರಲಿಲ್ಲ. ಆದರೆ ಮರುಗಳಿಗೆಯಲ್ಲಿ ಮಂಗ ಹಾರಿ ಬಂದು ನಕ್ಷೆ ಕಿತ್ತುಕೊಂಡಿತು. ಯಾರೋ ಮೊದಲೇ ಪಿಕ್ಚರ್ ನೋಡಿದವರಿರಬೇಕು ಎಂದು ಗಾಳೇಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ನಗು. ಆಮೇಲೆ ನಾಯಕ ಸಗಣಿ ತಿಪ್ಪೆಗೆ ಬಿದ್ದ. ಪ್ರತಿ ಸಲವೂ ಹೀಗೇ: ಮೊದಲು ನಗು, ಆಮೇಲೆ ತಮಾಷೆ. ಪ್ರತಿ ಸಲವೂ ನಗು ಒಂದೆರಡು ಸಾಲು ಹತ್ತಿರ ಬಂದಂತೆ ಕೇಳುತ್ತಿತ್ತು.

ಗಾಳೇಶ ಅಂಜನಾದ್ರಿಯ ಹನುಮಪ್ಪನನ್ನು ಗೊಣಗೊಣ ಜಪಿಸತೊಡಗಿದ. ಅಷ್ಟರಲ್ಲಿ ನಗು ಅವನ ಕಿವಿಯ ಹಿಂದೆಯೇ ಬಂತು. ಈ ಸಲ ಬಹಳ ಹೊತ್ತು ನಕ್ಕಿತು. ಅವನು ಉಸಿರು ಬಿಗಿಹಿಡಿದು ಪರದೆ ನೋಡಿದ. ಹುಡುಗಿ ಸುಮ್ಮನೆ ಕೋಟೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ತಮಾಷೆ ಬರಲೇ ಇಲ್ಲ.

ಹಾಗಾದರೆ ಅದು ನಕ್ಕದ್ದು ಯಾವುದಕ್ಕೆ?

ಟವೆಲ್ಲಿನ ಮುಸುಕಿನಲ್ಲೇ ಎದ್ದು ಹಿಂದಕ್ಕೆ ತಿರುಗಿದ. ಹೆಂಗಸರ ಕಡೆಯ ಮೂಲೆಯಲ್ಲಿ ಬಿಳಿಯದೊಂದು ಆಕೃತಿ, ತಲೆಯಿಂದ ಕಾಲಿನವರೆಗೆ ಹೊದ್ದದ್ದು, ತಾನೂ ಎದ್ದು ನಿಂತಿತು. ಅವನನ್ನು ನೋಡಿ ಅದು ಊಳಿಟ್ಟಿತು. ಇವನೂ ಊಳಿಟ್ಟ. ಮುಂದಿನದು ಅವನಿಗೆ ನೆನಪಿಲ್ಲ; ಚಪ್ಪಲಿಗಳು ಮಾತ್ರ ಟಾಕೀಸಿನಲ್ಲೇ ಉಳಿದವು.

ಸಂಜೆ ಬರಿಗಾಲಿನಲ್ಲಿ, ಮುಸುಕು ತೆಗೆಯುವುದನ್ನೂ ಮರೆತು, ಭಾಗ್ಯನಗರಕ್ಕೆ ಬಂದ. ಮಂಗನ ಸೀನಿಗೆ ನಕ್ಕೆ ಎಂದು ಸುಳ್ಳು ಹೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಬಂದು ನೋಡಿದರೆ ಮನೆಯ ತುಂಬ ಓಣಿಯ ಜನ, ಮೆಣಸಿನಕಾಯಿ ಸುಟ್ಟ ಹೊಗೆ. ನಡುವೆ ದುರ್ಗಾದೇವಿ ಬಿಳಿ ಸೀರೆಯ ಸೆರಗು ಹೊದ್ದು ಗಡಗಡ ನಡುಗುತ್ತಿದ್ದಳು. ಎದುರಿಗೆ ಬೇವಿನ ಟೊಂಗೆ ಹಿಡಿದು ನಿಂತಾಕೆ ಪಕ್ಕದ ಮನೆಯ ಸಣ್ಣವ್ವ, ದೆವ್ವ ಬಿಡಿಸುವುದರಲ್ಲಿ ಓಣಿಗೆ ಹೆಸರಾದವಳು.

"ಎಲ್ಲಿ ಕಂಡಿ ಹೇಳಬೇ?" ಎಂದು ಸಣ್ಣವ್ವ ಗದರಿದಳು.

"ಹು... ಹುಲಿಗಿ ಹಾದ್ಯಾಗ. ತಲಿಮ್ಯಾಲೆ ಮುಸುಕು ಹಾಕ್ಕೊಂಡಿತ್ತವ್ವಾ. ಗೊಣಗೊಣ ಅಂತಿತ್ತು. ಮುಖ ಅಂದ್ರ ಕಲ್ಲು, ಬರೇ ಕಲ್ಲು!" ಎಂದವಳೇ ತಲೆಯೆತ್ತಿದಳು. "ಎವ್ವಾ! ಅದಽ! ಬಾಗಲದಾಗ ನಿಂತೈತಿ!" ಎಂದು ಊಳಿಟ್ಟಳು.

ಗಾಳೇಶನಿಗೆ ಆ ಊಳು ಗುರುತು ಹತ್ತಿತು. ಹುಲಿಗಿಗೆಂದು ಹೊರಟ ಭಜನಾ ಮಂಡಳಿಯ ಮುಂದಾಳು ಮ್ಯಾಟಿನಿಗೆ ಕುಳಿತಿದ್ದಳು! ನಿಜ ಹೇಳಿದರೆ ಅತ್ತೆಯ ಮಾನ ಹೋಗುತ್ತದೆ, ಅದರ ಹಿಂದೆಯೇ ಹೆಣ್ಣೂ ಹೋಗುತ್ತದೆ. ಹೇಳದಿದ್ದರೆ ತಾನು ದೆವ್ವ. ಸಹನಾ ಬೇರೆ ಕಣ್ಣಲ್ಲೇ ಕೇಳುತ್ತಿದ್ದಳು: ನಕ್ಕಿರೋ ಇಲ್ಲವೋ?

ಆಗ ಜನ್ಮದಲ್ಲಿ ಮೊದಲ ಸಲ ಗಾಳೇಶ ನಕ್ಕ. ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ, ತುಕ್ಕು ಹಿಡಿದ ಗಾಲಿ ತಿರುಗಿದಂತೆ ಕಿರ್‍ರೆಂದು ನಕ್ಕ.

"ನಗಾಕತ್ತೈತಿ! ಹಿಡೀರಿ ಅದನ್ನ!" ಎಂದು ಸಣ್ಣವ್ವ ಕೂಗಿದಳು.

ನಾಲ್ಕಾರು ಜನ ಹಿಡಿದು ಪಡಸಾಲೆಯ ಕಂಬಕ್ಕೆ ಕಟ್ಟಿದರು. ಬೇವಿನ ಟೊಂಗೆ ಬೆನ್ನ ಮೇಲೆ ಬಿದ್ದಷ್ಟೂ ಅವನ ನಗು ಹೆಚ್ಚಾಯಿತು. ಸಹನಾ ಗೋಡೆಗೆ ಒತ್ತಿ ನಿಂತಳು. "ಇಂಥಾ ನಗಿ ನನಗ ಬ್ಯಾಡವ್ವಾ," ಎಂದು ಅಳುತ್ತ ಒಳಗೆ ಓಡಿದಳು.

ನಗು ತಣಿದ ಮೇಲೆ, ಜನ ಸ್ವಲ್ಪ ದೂರ ಸರಿದು ಚಹಾ ಕುಡಿಯುವಾಗ, ದುರ್ಗಾದೇವಿ ಅವನನ್ನು ಗುರುತಿಸಿ, ವಿಭೂತಿ ಹಚ್ಚುವ ನೆಪದಲ್ಲಿ ಹತ್ತಿರ ಬಂದಳು.

"ತಮ್ಮಾ, ಟಾಕೀಸಿನ ಮಾತು ಎತ್ತಬ್ಯಾಡಪಾ," ಎಂದು ಪಿಸುಗುಟ್ಟಿದಳು. "ಸಹನಾಗ ನಾ ತಿಳಿಸಿ ಹೇಳಿ ಒಪ್ಪಿಸ್ತೀನಿ."

ಗಾಳೇಶನ ಜೀವಕ್ಕೆ ಜೀವ ಬಂತು. "ಆತ್ರಿ ಅಮ್ಮಾರ. ಆದರ ನೀವು ಹಂಗ ತಮಾಷೆ ಬರೂಕಿಂತ ಮೊದಲ ನಗಬಾರದಿತ್ರಿ. ಭಾಳ ಅಂಜಿದೆ."

ವಿಭೂತಿಯ ಬೆರಳು ಅವನ ಹಣೆಯ ಮೇಲೆಯೇ ನಿಂತಿತು.

"ನಾ ಎಲ್ಲಿ ನಕ್ಕೆ? ಯಾರಾರ ಗುರುತು ಹಿಡಿದಾರಂತ ಸೆರಗು ಬಾಯಾಗ ತುರುಕ್ಕೊಂಡು ಕುಂತಿದ್ದೆ," ಎಂದಳು ದುರ್ಗಾದೇವಿ. "ನಕ್ಕಾವ ನೀನಽ ಅಲ್ಲೇನು?"

ಗಾಳೇಶ ಇಲ್ಲವೆಂದು ತಲೆಯಾಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಕಂಬದ ಹಿಂದಿನಿಂದ, ಅವನ ಕಿವಿಯ ಬುಡದಲ್ಲೇ, ಒಣಹುಣಸೆಕಾಯಿ ಅಲುಗಿಸಿದಂತೆ ನಗು ಕೇಳಿಸಿತು. ಪಡಸಾಲೆಯವರೆಲ್ಲ ಗಾಳೇಶನತ್ತ ತಿರುಗಿದರು.

ಸಣ್ಣವ್ವ ಚಹಾದ ಲೋಟ ಕೆಳಗಿಟ್ಟು, ಬೇವಿನ ಟೊಂಗೆ ಎತ್ತಿಕೊಂಡು ಬಂದಳು.